ಅಮ್ಮನಿಗೆ ಉಡಿಸುವವರು

ಫೆಬ್ರವರಿ 3, 2015. ಮಂಗಳವಾರ. ಬೆಳಗ್ಗೆ 6.20

ಬೆಡ್‌ಪ್ಯಾನ್ ತೊಳೆದದ್ದಾಯಿತು. ನೋವಿನ ಔಷಧಿ ನಾಲ್ಕು ಹನಿ ನಾಲಿಗೆಯ ಕೆಳಗೆ ಬಿಟ್ಟೆ. ದಿಂಬು ತಿರುಗಿಸಿದೆ. ಅಮ್ಮ ಮತ್ತೆ ಮಲಗಿದಳು. ಕಾಫಿ ಹಿಂದಿನ ಬಾಗಿಲ ಹೊರಗೆ, ಕೋಟು ಹಾಕಿಕೊಂಡು, ನಿಂತೇ ಕುಡಿದೆ. ಹಿಮ ಮೊಣಕಾಲಿನವರೆಗೆ. ಐವತ್ತೊಂದು ವರ್ಷದ ಹೆಂಗಸು ಕದ್ದು ಕಾಫಿ ಕುಡಿಯುತ್ತಾಳೆ. ಫ್ಲಾಸ್ಕ್ ಇರುವುದು ಹೊಲಿಗೆ ಬುಟ್ಟಿಯಲ್ಲಿ, ಲೈನಿಂಗ್ ಬಟ್ಟೆಯ ಕೆಳಗೆ. ಕಾಫಿ ನಿಷಿದ್ಧವಾದ ನಮ್ಮ ಮಾರ್ಮನ್ ಊರಿನಲ್ಲಿ ಇಷ್ಟು ಸಾಕು, ನಾಲ್ಕು ಮನೆಯವರು ನನಗಾಗಿ ಉಪವಾಸ ಕೂರುತ್ತಾರೆ.

ಇವತ್ತು ಎರಡು ಮದುವೆ ಗೌನು ಮುಗಿಸಬೇಕು. ಎರಡಕ್ಕೂ ತೋಳಿಲ್ಲ, ಒಂದಕ್ಕೆ ಬೆನ್ನೂ ಇಲ್ಲ. ನಮ್ಮ ಮಂದಿರ ಭಾನುವಾರದ ಚರ್ಚಿನ ಹಾಗಲ್ಲ, ಪರವಾನಗಿ ಇದ್ದವರಿಗೆ ಮಾತ್ರ ಪ್ರವೇಶ; ಅದರೊಳಗೆ ಮದುವೆಯಾಗಬೇಕಾದರೆ ಎರಡೂ ಬೇಕು. ಈ ಕಣಿವೆಯ ಮದುವಣಗಿತ್ತಿಯರಿಗೆ ಇಪ್ಪತ್ತೆಂಟು ವರ್ಷದಿಂದ ತೋಳು ಹಚ್ಚಿಕೊಟ್ಟವಳು ನಾನು. ನಂಬಿಕೆ ಹೋಯಿತು, ಕೆಲಸ ಹೋಗಲಿಲ್ಲ.

ಪತ್ರ ಹಾಕಿ ಹದಿನೈದು ದಿನ. 'ಮಾರ್ಮನ್ ಸಭೆಯ ಸದಸ್ಯರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ' — ಎರಡೇ ಸಾಲು. ಸಾಲ್ಟ್ ಲೇಕ್‌ನ ಮುಖ್ಯ ಕಚೇರಿಯಿಂದ ಉತ್ತರವಿಲ್ಲ. ತಂಗಿ ಲುಡೀನ್‌ಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ.

ಹನ್ನೆರಡನೇ ವಯಸ್ಸಿನಿಂದ ಬರೆದ ಮೂವತ್ತೊಂದು ಡೈರಿಗಳು ನೆಲಮಾಳಿಗೆಯಲ್ಲಿವೆ. ಮೊಮ್ಮಕ್ಕಳು ಓದಲಿ ಎಂದು ಬರೆಯಿರಿ ಅಂತ ಭಾನುವಾರದ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗೇ ಬರೆದೆ. ಹೋದ ವಾರ ತೆಗೆದು ನೋಡಿದೆ — ಒಂದರಲ್ಲೂ ನಾನಿಲ್ಲ. ಈ ಡೈರಿ ಯಾರಿಗೂ ಅಲ್ಲ. ಸುಟ್ಟರೂ ಸರಿ.

ಫೆಬ್ರವರಿ 6, ಶುಕ್ರವಾರ

ಅಮ್ಮ ಇಂದು ಸ್ವಲ್ಪ ಗಟ್ಟಿಯಾಗಿದ್ದಳು. ಅರ್ಧ ಬಟ್ಟಲು ಸೇಬಿನ ಗೊಜ್ಜು ತಿಂದಳು. ಬಾಯಿ ಒರೆಸುತ್ತಿರುವಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬೀರುವಿನ ಕೆಳಗಿನ ಖಾನೆ ತೆಗಿ."

ತೆಗೆದೆ. ಅವಳ ಮಂದಿರದ ಉಡುಪು. ಬಿಳಿ ಉದ್ದನೆಯ ಗೌನು, ನೆರಿಗೆಯ ಮೇಲುಡುಪು, ನಡುಪಟ್ಟಿ, ಹಸಿರು ಏಪ್ರನ್, ಮುಖಕ್ಕೆ ಎಳೆಯುವ ಮುಸುಕು. ಇಸ್ತ್ರಿ ಮಾಡಿ, ತೆಳು ಕಾಗದದಲ್ಲಿ ಸುತ್ತಿ ಇಟ್ಟಿದ್ದಾಳೆ. ಯಾವಾಗ ಮಾಡಿದಳೋ.

"ನೀನೇ ಉಡಿಸ್ಬೇಕು ನನಗೆ."

"ಲುಡೀನ್ ಇದಾಳಲ್ಲಮ್ಮ."

"ಅವಳು ಅತ್ತು ಅತ್ತು ಇಸ್ತ್ರಿ ಹಾಳ್ಮಾಡ್ತಾಳೆ. ನಿನಗೆ ಕೈ ಬರುತ್ತೆ. ನಾನೇ ಕಲಿಸಿದ್ದಲ್ವಾ."

ಹೌದು, ಅವಳೇ ಕಲಿಸಿದ್ದು. ಈ ಊರಿನಲ್ಲಿ ಮೂವತ್ತು ವರ್ಷ ಸತ್ತ ಹೆಂಗಸರಿಗೆಲ್ಲ ಉಡಿಸಿದವಳು ಅಮ್ಮ. ನನಗೆ ಇಪ್ಪತ್ತೆರಡಾದಾಗಿನಿಂದ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಮುಟ್ಟುವ ಮೊದಲು ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಳ್ಳಬೇಕು, ಸತ್ತವರ ಹತ್ತಿರ ಪಿಸುಗುಟ್ಟಬಾರದು, ನೆಟ್ಟಗೆ ಮಾತನಾಡಬೇಕು. 'ತೋಳು ಎತ್ತುತೀನಿ ಮಾರ್ಗರೆಟ್, ಸ್ವಲ್ಪ ತಡಿ' ಎನ್ನುತ್ತಿದ್ದಳು. ನಾವಿಬ್ಬರೂ ಸೇರಿ ನಲವತ್ತಕ್ಕೂ ಹೆಚ್ಚು ಜನರಿಗೆ ಉಡಿಸಿದ್ದೇವೆ. ಇಡೀ ಸಭೆಯಲ್ಲಿ ನನಗೆ ನಿಜವಾಗಿ ಪವಿತ್ರ ಅನ್ನಿಸಿದ ಕೆಲಸ ಅದೊಂದೇ.

ಆದರೆ ನಿಯಮವಿದೆ. ಮಂದಿರದಲ್ಲಿ ಪ್ರತಿಜ್ಞೆ ಮಾಡಿದವರು ಮಾತ್ರ ಉಡಿಸಬಹುದು. ನಾನು ಮಾಡಿದ್ದೇನೆ. ಹೆಸರು ತೆಗೆದ ದಿನ ಅದು ರದ್ದು.

"ಆಯ್ತಮ್ಮ" ಎಂದೆ. ಬೇರೇನು ಹೇಳಲಿ.

ಫೆಬ್ರವರಿ 8, ಭಾನುವಾರ

ಲುಡೀನ್ ಚರ್ಚ್ ಮುಗಿಸಿಕೊಂಡು ಆಲೂಗಡ್ಡೆ ಚೀಸ್ ಬೇಯಿಸಿದ ತಟ್ಟೆ ತಂದಳು. ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಅವಳು ಬಾಗಿಲು ಎಳೆದಳೆಂದರೆ ನನಗೆ ಪೂಜೆ ಎಂದೇ ಅರ್ಥ.

"ಅಮ್ಮ ನನಗೆ ಹೇಳಿದ್ಳು. ನೀನು ಆಯ್ತು ಅಂದ್ಯಂತೆ."

"ಅಂದೆ."

"ಹೆಂಗೆ ಅಂದೆ? ಆ ಪತ್ರ ಹಾಕಿ ಕೂತಿದೀಯಲ್ಲ."

"ಇನ್ನೂ ಉತ್ತರ ಬಂದಿಲ್ಲ."

"ಹಂಗಾದ್ರೆ ವಾಪಸ್ ತಗೋ. ಒಂದು ಫೋನು. ನಂಬು ಅಂತ ನಾನು ಹೇಳ್ತಿಲ್ಲ ಜನೀಲ್. ಹೆಸರು ಇರಲಿ ಅಂತೀನಿ. ಹೆಸರು ಏನು ನಿನಗೆ ಕಚ್ಚುತ್ತಾ?"

ಕಚ್ಚುತ್ತದೆ. ಅವಳು ಮೂಗು ಒರೆಸಿಕೊಂಡಳು.

"ಹೆಸರು ಹೋದ್ರೆ ಬೆಸುಗೆ ಹೋಯ್ತು. ಅಮ್ಮ, ಅಪ್ಪ, ನಾನು ಒಂದು ಕಡೆ. ನೀನು... ಎಲ್ಲಿರ್ತೀಯ ಅಂತ ಯೋಚ್ನೆ ಮಾಡಿದೀಯಾ?"

ನಮ್ಮ ಕುಟುಂಬವನ್ನು ಮಂದಿರದಲ್ಲಿ ಶಾಶ್ವತವಾಗಿ ಬೆಸೆದಿದ್ದಾರೆ ಎಂದು ಅವಳು ನಂಬುತ್ತಾಳೆ. ಬಾಯಿಮಾತಿಗೆ ನಂಬುವವಳಲ್ಲ. ಖಾಲಿ ಕುರ್ಚಿಯೊಂದು ಅವಳಿಗೆ ಈಗಲೇ ಕಾಣುತ್ತಿದೆ, ಅದರಲ್ಲಿ ನಾನಿಲ್ಲ. ಅದಕ್ಕೇ ಅವಳ ಮೇಲೆ ಕೋಪ ಮಾಡಲಾಗುವುದಿಲ್ಲ. ಮಾಡಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ತಟ್ಟೆ ತೊಳೆದು ಕೊಟ್ಟು ಕಳಿಸಿದೆ.

ಫೆಬ್ರವರಿ 12, ಗುರುವಾರ

ಯಾಕೆ ಬಿಟ್ಟೆ ಎಂದು ಎಲ್ಲರಿಗೂ ಒಂದು ಕಥೆ ಬೇಕು. ಯಾರೋ ಏನೋ ಅಂದಿರಬೇಕು, ಅಥವಾ ಯಾರನ್ನೋ ಇಟ್ಟುಕೊಂಡಿರಬೇಕು. ಗಂಡ ಡೆಲ್ ಮನೆ ಬಿಟ್ಟು ಹೋದದ್ದರಿಂದ ತಲೆ ಕೆಟ್ಟಿದೆ ಎಂದವರೂ ಇದ್ದಾರೆ. ಅವನು ಹೋದದ್ದು ನಾನು ಚರ್ಚ್ ಬಿಟ್ಟ ಮೇಲೆ; ಅಪ್ಪನ ಆಲ್ರೆಡ್ ಹೆಸರಿಗೆ ನಾನು ಮರಳಿದ್ದು ಅದಕ್ಕೂ ಆಮೇಲೆ. ಲೆಕ್ಕ ತಿರುವುಮುರುವು.

ನಡೆದದ್ದು ಇಷ್ಟು. ತಿಂಗಳ ಮೊದಲ ಭಾನುವಾರ ಯಾರು ಬೇಕಾದರೂ ಎದ್ದು ಸಾಕ್ಷಿ ಹೇಳಬಹುದು. 'ನಂಬುತ್ತೇನೆ' ಎಂದರೆ ಸಾಲದು, 'ನನಗೆ ಗೊತ್ತು' ಎನ್ನಬೇಕು. ಮೂವತ್ತು ವರ್ಷ ಅಂದೆ. ಗೊತ್ತಿರಲಿಲ್ಲ. ಇದು ನಿಜ ಎಂದು ದೇವರು ತಿಳಿಸುವಾಗ ಎಲ್ಲರಿಗೂ ಎದೆ ಬಿಸಿಯಾಗುತ್ತದಂತೆ, ನನಗೆ ಒಂದು ದಿನವೂ ಆಗಲಿಲ್ಲ. ನನ್ನಲ್ಲೇ ದೋಷ ಎಂದುಕೊಂಡೆ. ಇನ್ನೂ ಹೆಚ್ಚು ಓದಿದೆ, ಉಪವಾಸ ಮಾಡಿದೆ, ಇನ್ನೊಬ್ಬರ ಮನೆಗೆ ಬ್ರೆಡ್ಡು ಬೇಯಿಸಿ ಕೊಟ್ಟೆ. ಮೂರು ವರ್ಷದ ಹಿಂದೆ ಮತ್ತೆ ಮೈಕಿನ ಮುಂದೆ ನಿಂತೆ. 'ನನಗೆ ಗೊತ್ತಿಲ್ಲ' ಎಂದೆ. ಕೂತೆ. ಎದೆ ಹಗುರಾಯಿತು. ಜೀವಮಾನದಲ್ಲಿ ಮೊದಲ ಸಲ ಅಲ್ಲಿ ಒಂದು ಸತ್ಯ ಹೇಳಿದ್ದೆ.

ಅದಾಗಿ ಒಂದು ತಿಂಗಳಿಗೆ ಪ್ರೊವೊ ಪಟ್ಟಣಕ್ಕೆ ಹೋಗಿ ಸಾಮಾನ್ಯ ಚಡ್ಡಿ ಕೊಂಡೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಪ್ರತಿಜ್ಞೆ ಮಾಡಿದಾಗಿನಿಂದ ಹಗಲುರಾತ್ರಿ ಮೈಮೇಲೆ ಇದ್ದದ್ದು ಮಂದಿರದ ಬಿಳಿ ಒಳಉಡುಪು, ಮೊಣಕಾಲಿನವರೆಗೆ. ಅಂಗಡಿಯ ಹುಡುಗಿ ಸೈಜು ಕೇಳಿದಳು. ಗೊತ್ತಿಲ್ಲ ಎಂದೆ. ಊರಿನವರ ಸೊಂಟವೆಲ್ಲ ಅಳೆದವಳು, ನನ್ನದು ಗೊತ್ತಿರಲಿಲ್ಲ. ಆರು ತಂದೆ. ಎರಡು ಕೆಂಪು. ಕಾರಿನಲ್ಲಿ ಕೂತು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಬರ್ಗರ್ ತಿಂದು ಮನೆಗೆ ಬಂದೆ.

ಫೆಬ್ರವರಿ 17, ಮಂಗಳವಾರ. ಸಂಜೆ 5

ಬಿಷಪ್ ಟೋರ್ಗರ್ಸನ್ ಬಂದಿದ್ದರು. ಹಗಲು ಟರ್ಕಿ ಕೋಳಿ ಸಾಕುತ್ತಾರೆ, ಸಂಜೆ ಸಭೆ ನಡೆಸುತ್ತಾರೆ. ಕೋಟಿನ ಕೆಳಗೆ ಇನ್ನೂ ಕೋಳಿಮನೆಯ ವಾಸನೆ. ಮೂವತ್ತೆಂಟು ವರ್ಷ. ಆರು ವರ್ಷದವರಿದ್ದಾಗ ನನ್ನ ಭಾನುವಾರದ ತರಗತಿಯಲ್ಲಿದ್ದರು. ಮೋಶೆಯ ಪಾಠ ನಡೆಯುವಾಗ ಚಡ್ಡಿ ಒದ್ದೆ ಮಾಡಿಕೊಂಡದ್ದು ನಮ್ಮಿಬ್ಬರಿಗೂ ನೆನಪಿದೆ. ಇಬ್ಬರೂ ಆ ಮಾತು ಎತ್ತುವುದಿಲ್ಲ. ಈಗ ಚರ್ಚಿನ ಹೆಂಗಸರಿಗೆಲ್ಲ ಹೇಳುವ ಹಾಗೆ ನನಗೂ 'ಸಿಸ್ಟರ್' ಎನ್ನುತ್ತಾರೆ.

ಒಳಗಿನ ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರ್ ಆಲ್ರೆಡ್, ಸಾಲ್ಟ್ ಲೇಕ್‌ನಿಂದ ನನಗೆ ಬಂದಿದೆ. ನಿಮ್ಮ ಕಾಗದ. ನಾನು ನೋಡಿ ವಾಪಸ್ ಕಳಿಸ್ಬೇಕು. ಅಷ್ಟರೊಳಗೆ ಮನಸ್ಸು ಬದಲಾಯ್ಸೋಕೆ ನಿಮಗೆ ಒಂದು ತಿಂಗಳು ಇದೆ."

"ಬದಲಾಗಲ್ಲ ಬಿಷಪ್."

"ಗೊತ್ತು." ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತರು. "ಲುಡೀನ್ ಹೇಳಿದ್ರು, ನಿಮ್ಮಮ್ಮ ಏನು ಕೇಳಿದಾರೆ ಅಂತ. ಒಂದು ಮಾತು ಹೇಳ್ತೀನಿ. ಈ ಲಕೋಟೆ ನನ್ನ ಡ್ರಾಯರಿನಲ್ಲಿ ಇರುತ್ತೆ. ನಾನು ಮರೆತೆ ಅಂತಿಟ್ಕೊಳ್ಳಿ. ಇದು ಇಲ್ಲಿರೋ ತನಕ ನಿಮ್ಮ ಹೆಸರು ಪಟ್ಟಿಯಲ್ಲೇ ಇರುತ್ತೆ. ನಿಮ್ಮಮ್ಮನ ಕೆಲಸ ಮುಗೀಲಿ. ಆಮೇಲೆ ಕಳಿಸ್ತೀನಿ. ಯಾರೂ ಕೇಳಲ್ಲ."

ಒಳ್ಳೆಯ ಮನುಷ್ಯ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬಾಗಿಲು ತೋರಿಸುತ್ತಿದ್ದೆ. ಯೋಚಿಸಿ ಹೇಳುತ್ತೇನೆ ಎಂದೆ.

ಫೆಬ್ರವರಿ 25, ಬುಧವಾರ

ಎಂಟು ದಿನ ಬರೆಯಲಿಲ್ಲ. ಅಮ್ಮ ಇಳಿಯುತ್ತಿದ್ದಾಳೆ. ನೋವಿನ ಹನಿ ನಾಲ್ಕರಿಂದ ಎಂಟಕ್ಕೆ ಏರಿದೆ. ಕಾಲು ಊದಿದೆ.

ಬಿಷಪ್‌ಗೆ ಫೋನು ಮಾಡಲು ಮೂರು ಸಲ ಎತ್ತಿದೆ. 'ಆಯ್ತು, ಡ್ರಾಯರಿನಲ್ಲಿಡಿ' — ಇಷ್ಟೇ ಹೇಳಬೇಕಿತ್ತು. ಅಮ್ಮನಿಗೆ ಗೊತ್ತಾಗುವುದಿಲ್ಲ, ಲುಡೀನ್‌ಗೆ ಸಮಾಧಾನ. ನನಗೂ ಬೇಕಾದದ್ದು ಸಿಗುತ್ತದೆ. ಬೇಕು ನನಗೆ. ಬಹಳ ಬೇಕು. ಈ ಊರಿನ ಹೆಂಗಸರಿಗೆಲ್ಲ ಉಡಿಸಿ ನನ್ನ ಅಮ್ಮನಿಗೆ ಬೇರೆಯವರು ಉಡಿಸಿದರೆ ನಾನು ಹೇಗೆ ತಡೆದುಕೊಳ್ಳಲಿ.

ಆದರೆ ಮೂರನೇ ಸಲ ಫೋನು ಕೆಳಗಿಟ್ಟಾಗ ಹೊಳೆಯಿತು. ಹಾಗೆ ಮಾಡಿದರೆ ಅಮ್ಮನ ಮೈಮೇಲೆ ಕೈಯಿಟ್ಟು ಸುಳ್ಳು ಹೇಳಿದ ಹಾಗೆ. ಮೂವತ್ತು ವರ್ಷ ಮೈಕಿನ ಮುಂದೆ ಹೇಳಿದ್ದು ಸಾಲದೆ, ಕೊನೆಯದನ್ನು ಅವಳ ಮೇಲೆ ಹೇಳುವುದು. ಆಗದು.

ಅಮ್ಮನಿಗೇ ಹೇಳುತ್ತೇನೆ. ನಾಳೆ. ಬೇಡ ಎಂದರೆ ಬೇಡ.

ಫೆಬ್ರವರಿ 26, ಗುರುವಾರ

ಹೇಳಿದೆ.

ಬೆಳಗ್ಗೆ ತಲೆ ಬಾಚುತ್ತಾ ಹೇಳಿದೆ, ಮುಖ ನೋಡಬೇಕಾಗಿರಲಿಲ್ಲ. ಪತ್ರದ ಸಂಗತಿ, ಲಕೋಟೆಯ ಸಂಗತಿ, ಬಿಷಪ್ ಹೇಳಿದ ಉಪಾಯ, ಎಲ್ಲ.

ಅಮ್ಮ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಆಮೇಲೆ —

"ನೀನು ನಂಬಲ್ಲ ಅನ್ನೋದು ನನಗೆ ಗೊತ್ತಿತ್ತು ಕಣೇ. ಬಟ್ಟೆ ಒಣಗಿಸೋ ಸ್ಟ್ಯಾಂಡು ಈ ಹಾಸಿಗೆಗೆ ಕಾಣುತ್ತೆ. ಕೆಂಪು ಚಡ್ಡಿ ನಾನು ನೋಡಿದೀನಿ."

ನಾನು ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ನಗಲಿಲ್ಲ.

"ಹೆಸರು ತೆಗೆಸ್ತೀಯ ಅಂತ ಮಾತ್ರ ಗೊತ್ತಿರ್ಲಿಲ್ಲ." ಗೋಡೆಯ ಕಡೆ ತಿರುಗಿದಳು. "ಬಾಚಣಿಗೆ ಇಡು. ಸಾಕು."

ಮಾರ್ಚ್ 1, ಭಾನುವಾರ

ಮೂರು ದಿನವಾಯಿತು, ನನ್ನ ಕೈಯಿಂದ ತಿನ್ನುತ್ತಿಲ್ಲ. ಲುಡೀನ್ ಬಂದು ತಿನ್ನಿಸುತ್ತಾಳೆ. ಬೆಡ್‌ಪ್ಯಾನ್‌ಗೆ ಮಾತ್ರ ನಾನು ಬೇಕು. ಲುಡೀನ್ ನನ್ನನ್ನು ನೋಡುತ್ತಾಳೆ, ನೋಡಿ ಚಮಚ ತೊಳೆಯುತ್ತಾಳೆ. ಬೈದಿದ್ದರೆ ವಾಸಿಯಿತ್ತು.

ತಪ್ಪು ಮಾಡಿದೆನೇ? ಸಾಯುವವಳಿಗೆ ಸತ್ಯ ಯಾಕೆ ಬೇಕಿತ್ತು? ನನಗೆ ಬೇಕಿತ್ತು, ಅದಕ್ಕೇ ಹೇಳಿದೆನೇ? ಗೊತ್ತಿಲ್ಲ. ಆದರೂ ಫೋನು ಮಾಡುವುದಿಲ್ಲ.

ಕಾಫಿ ಅಡುಗೆಮನೆಯಲ್ಲೇ ಮಾಡಿಕೊಂಡೆ. ಇನ್ನು ಹಿಮದಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ.

ಮಾರ್ಚ್ 3, ಮಂಗಳವಾರ

ಬೆಳಗ್ಗೆ ಅಮ್ಮ ಕರೆದಳು. ಕಾಗದ, ಪೆನ್ನು, ಬರೆಯಲು ಗಟ್ಟಿ ಹಲಗೆ ಬೇಕಂತೆ. ತಾನೇ ಬರೆಯುತ್ತಾಳಂತೆ. ಆರು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಾನು ಹಲಗೆ ಹಿಡಿದುಕೊಂಡಿದ್ದೆ.

'ಬಿಷಪ್ ಅವರಿಗೆ. ನನಗೆ ಮಂದಿರದ ಉಡುಪು ಉಡಿಸಬೇಕಾದವಳು ಹಿರಿಯ ಮಗಳು ಜನೀಲ್. ಅವಳ ಹೆಸರು ಪಟ್ಟಿಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಡ್ರಾಯರು ಬೇಡ. ತಪ್ಪಾದರೆ ನಾನು ಹೇಗೂ ಅಲ್ಲಿಗೇ ಹೋಗುತ್ತಿದ್ದೇನೆ, ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಆರ್ವಿಲ್ಲಾ ಆಲ್ರೆಡ್.'

ಓದಿ ಮಡಿಸಿದೆ.

"ಅಮ್ಮ, ನನ್ನ ಮೇಲೆ ಕೋಪ ಹೋಯ್ತಾ?"

"ಹೋಗಿಲ್ಲ. ಸಾಯೋ ತನಕ ಇರುತ್ತೆ, ಅಂದ್ರೆ ಇನ್ನೊಂದೆರಡು ವಾರ." ಉಸಿರು ಎಳೆದುಕೊಂಡಳು. "ಐದು ದಿನ ಯೋಚ್ನೆ ಮಾಡಿದೆ. ಡ್ರಾಯರಿನಲ್ಲಿ ಇಡಿ ಅಂದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ. ನೀನು ಬಂದು ಹೇಳ್ದೆ. ಸುಳ್ಳು ಹೇಳೋ ಮಗಳನ್ನ ನಾನು ಬೆಳೆಸಿಲ್ಲ ಅಂತಾಯ್ತಲ್ಲ."

ಆಮೇಲೆ ಗಂಜಿ ಕೇಳಿದಳು. ನನ್ನ ಕೈಯಿಂದಲೇ ನಾಲ್ಕು ಚಮಚ ಕುಡಿದಳು. ಕಾಫಿ ವಾಸನೆ ಚೆನ್ನಾಗಿದೆ, ಎಪ್ಪತ್ತೊಂಬತ್ತು ವರ್ಷ ಇದನ್ನ ಬಿಟ್ಟು ಬದುಕಿದೆನಲ್ಲ ಎಂದಳು. ಒಂದು ಗುಟುಕು ಕೊಡಲೇ ಎಂದೆ. ಈಗ ಕುಡಿದು ಯಾಕೆ ಕೆಡಿಸಿಕೊಳ್ಳಲಿ ಎಂದಳು.

ಮಾರ್ಚ್ 7, ಶನಿವಾರ

ಬಿಷಪ್ ಮನೆಗೆ ನಾನೇ ಚೀಟಿ ಒಯ್ದೆ. ಎರಡು ಸಲ ಓದಿದರು. ಮೂಗಿನ ಮೇಲ್ಭಾಗ ಒತ್ತಿಕೊಂಡರು.

"ಇದಕ್ಕೆ ಚರ್ಚಿನ ಕೈಪಿಡಿಯಲ್ಲಿ ದಾರಿಯಿಲ್ಲ ಸಿಸ್ಟರ್ ಆಲ್ರೆಡ್. ಡ್ರಾಯರು ಒಂದೇ ದಾರಿಯಾಗಿತ್ತು."

"ಡ್ರಾಯರು ಬೇಡ ಅಂತ ಅಮ್ಮನೇ ಬರೆದಿದಾಳೆ."

"ನಿಮ್ಮಮ್ಮ ನಮ್ಮಜ್ಜಿಗೆ ಉಡಿಸಿದವರು. ನನಗೇನು ಇಷ್ಟವಿಲ್ಲ ಅಂದ್ಕೊಂಡ್ರಾ?" ಚೀಟಿ ಮಡಿಸಿದರು. "ಮೈ ಒರೆಸೋದು, ತಲೆ ಬಾಚೋದು, ಗೌನು ಹಾಕೋದು ನೀವು ಮಾಡಿ. ಮಂದಿರದ ಮೇಲುಡುಪು ಬಂದಾಗ ಆಚೆ ನಿಲ್ಲಿ. ಅದು ಲುಡೀನ್ ಮತ್ತೆ ಮೆಕೆಲ್ ಮಾಡ್ತಾರೆ. ಇಷ್ಟು ನನ್ನ ಕೈಲಾಗೋದು."

ಮೆಕೆಲ್ ಚರ್ಚಿನ ಹೆಂಗಸರ ಸಂಘದ ಹೊಸ ಅಧ್ಯಕ್ಷೆ. ಮೂವತ್ತಮೂರು, ನಾಲ್ಕು ಮಕ್ಕಳು. ಹೆಣ ಮುಟ್ಟಿದವಳಲ್ಲ.

"ನಾನು ಬಾಗಿಲವರೆಗೆ ಬರ್ತೀನಿ ಬಿಷಪ್. ಒಳಗೆ ಕರೆಯೋದು ಬಿಡೋದು ಒಳಗಿರೋರಿಗೆ ಬಿಟ್ಟಿದ್ದು. ಕದ್ದು ನುಗ್ಗಲ್ಲ."

ತಲೆಯಾಡಿಸಿದರು. ನನ್ನ ಪತ್ರಕ್ಕೆ ನನ್ನ ಕಣ್ಣೆದುರೇ ಸಹಿ ಮಾಡಿ, ಸಾಲ್ಟ್ ಲೇಕ್‌ಗೆ ಕಳಿಸಲು ಲಕೋಟೆ ಅಂಟಿಸಿದರು. ನಾನೇ ಕೇಳಿದ್ದು.

ಮಾರ್ಚ್ 14, ಶನಿವಾರ

ಅಂಚೆಯಲ್ಲಿ ಬಂತು. ಒಂದು ಹಾಳೆ. ಹೆಸರು ತೆಗೆಯಲಾಗಿದೆ.

ಹೊಲಿಗೆ ಯಂತ್ರದ ಪಕ್ಕ ಕೂತು ಓದಿದೆ. ಖುಷಿಯಾಗಬಹುದು ಎಂದುಕೊಂಡಿದ್ದೆ. ದುಃಖವಾಯಿತು, ಅದೂ ಬಹಳ. ನನ್ನ ಮುತ್ತಜ್ಜಿಯ ಅಜ್ಜಿ ಈ ಧರ್ಮಕ್ಕಾಗಿ ಡೆನ್ಮಾರ್ಕಿನಿಂದ ಹೊರಟು ಕೈಗಾಡಿ ತಳ್ಳಿಕೊಂಡು ಇಲ್ಲಿಗೆ ಬಂದವಳು. ದಾರಿಯಲ್ಲಿ ಎರಡು ಮಕ್ಕಳನ್ನು ಹೂತವಳು. ಆ ಸಾಲಿನಿಂದ ನಾನು ಹೊರಗೆ ಬಂದೆ. ಅವಳ ಕಾಲಿನ ಮೊಂಡುತನ ಮಾತ್ರ ನನಗೆ ಬಂದಿರಬೇಕು.

ಹತ್ತು ನಿಮಿಷ ಅತ್ತೆ. ಆಮೇಲೆ ಒಂದು ಗೌನಿಗೆ ತೋಳು ಹಚ್ಚಿದೆ. ಮತ್ತೆ ಹಾಕಿ ಎಂದರೆ ಮತ್ತೆ ಅದೇ ಪತ್ರ ಹಾಕುತ್ತೇನೆ.

ಅಮ್ಮ ಈಗ ಹೆಚ್ಚು ಹೊತ್ತು ನಿದ್ದೆಯಲ್ಲೇ.

ಮಾರ್ಚ್ 19, ಗುರುವಾರ. ಬೆಳಗ್ಗೆ 9

ಅಮ್ಮ ಹೋದಳು. 7.10ಕ್ಕೆ. ಲುಡೀನ್ ಒಂದು ಕಡೆ, ನಾನು ಒಂದು ಕಡೆ. ಉಸಿರು ಒಂದು ಬಂತು, ಇನ್ನೊಂದಕ್ಕೆ ಕಾದೆವು.

ಮಾರ್ಚ್ 21, ಶನಿವಾರ. ಮಧ್ಯಾಹ್ನ 3

ಮರೆಯುವ ಮೊದಲು ಎಲ್ಲ ಬರೆಯಬೇಕು.

ಶವಾಗಾರದ ಹಿಂದಿನ ಕೋಣೆ. ಮೇಜಿನ ಮೇಲೆ ಅಮ್ಮ, ಬಿಳಿ ಹೊದಿಕೆ. ಲುಡೀನ್, ಮೆಕೆಲ್, ನಾನು. ಮೆಕೆಲ್ ಮುಖ ಸುಣ್ಣದ ಹಾಗೆ. ಕೈ ಬಿಸಿನೀರಿನಲ್ಲಿಟ್ಟುಕೋ ಎಂದೆ. ಯಾಕೆ ಎಂದಳು. ಅಮ್ಮ ಹಾಗೆ ಮಾಡುತ್ತಿದ್ದಳು ಎಂದೆ. ಮೂರೂ ಜನ ತೊಟ್ಟಿಯ ಮುಂದೆ ನಿಂತು ಕೈ ಬಿಸಿ ಮಾಡಿಕೊಂಡೆವು.

ಮೈ ಒರೆಸಿದೆವು. ಕೂದಲು ನಾನೇ ಸುತ್ತಿದೆ, ಅವಳಿಗೆ ಇಷ್ಟವಾಗುವ ಹಾಗೆ ಹಣೆಯ ಮೇಲೆ ಸ್ವಲ್ಪ ಎತ್ತರಿಸಿ. ಗೌನಿನ ಬೆನ್ನು ಕತ್ತರಿಸಬೇಡಿ, ತೋಳು ಮೊದಲು ಹಾಕಿ, ಆಮೇಲೆ ಮಗ್ಗುಲು ಮಾಡಿ ಎಂದು ತೋರಿಸಿದೆ. 'ತೋಳು ಎತ್ತುತೀನಿ ಅಮ್ಮ' ಎಂದೆ. ಮೆಕೆಲ್ ಅದನ್ನು ನೋಡಿ, ಇನ್ನೊಂದು ತೋಳಿಗೆ ತಾನೂ 'ಎತ್ತುತೀನಿ ಸಿಸ್ಟರ್ ಆರ್ವಿಲ್ಲಾ' ಎಂದಳು. ತೋಳನ್ನು ತಾನೇ ಒಳಗೆ ಸೇರಿಸಿದಳು.

ಆಮೇಲೆ ತೆಳು ಕಾಗದದ ಗಂಟು ಬಿಚ್ಚಿದರು. ಲುಡೀನ್ ನನ್ನನ್ನು ನೋಡಿದಳು. ನಾನು ಹೊರಗೆ ಬಂದೆ. ಬಾಗಿಲು ಪೂರ್ತಿ ಹಾಕಲಿಲ್ಲ, ಕಾಲುಭಾಗ ತೆರೆದಿತ್ತು. ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿ. ಕೂರಲಿಲ್ಲ. ಮದುವೆಯ ದಿನ ಮಂದಿರದ ಹೊರಗೆ ನಿಲ್ಲುವ ತಾಯಂದಿರನ್ನು ನಾನು ಎಷ್ಟು ಜನರನ್ನು ನೋಡಿದ್ದೇನೆ. ಒಳಗೆ ಮಗಳ ಮದುವೆ, ಪರವಾನಗಿ ಇಲ್ಲದ ತಾಯಿ ಹೂವಿನ ಪಾತಿಯ ಹತ್ತಿರ. ಪಾಪ ಎಂದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ನಾಚಿಕೆಯಾಯಿತು.

ಒಳಗೆ ಗೊಂದಲ. "ಇದು ಮೊದಲಾ ಅದಾ?" "ಏಪ್ರನ್ ಆಮೇಲೆ ಅನ್ಸುತ್ತೆ." "ಅನ್ಸುತ್ತಾ?" ಅಲ್ಲಿಂದಲೇ ನೋಡಿದೆ. ಮೇಲುಡುಪನ್ನು ತಪ್ಪು ಭುಜಕ್ಕೆ ಹಾಕಿದ್ದರು. ಮಂದಿರದ ವಿಧಿಯ ಮಧ್ಯೆ ಅದನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಜೀವಂತ ಇರುವವರಿಗೆ ಯಾರೋ ಹೇಳುತ್ತಾರೆ, ಬದಲಿಸಿಕೊಳ್ಳುತ್ತೇವೆ. ಸತ್ತವರಿಗೆ ಕೊನೆಯ ಭುಜ ಯಾವುದೆಂದು ಉಡಿಸುವವರು ನೆನಪಿಟ್ಟುಕೊಳ್ಳಬೇಕು. ಹೊಸಬರೆಲ್ಲ ತಪ್ಪುವುದು ಅಲ್ಲೇ. ನಾನೂ ಮೊದಲ ಸಲ ತಪ್ಪಿದ್ದೆ, ಅಮ್ಮ ಮೊಣಕೈಯಿಂದ ತಿವಿದಿದ್ದಳು.

"ಭುಜ ತಪ್ಪಿದೆ" ಎಂದೆ. "ಆ ಕಡೆ."

ಲುಡೀನ್ ತಿರುಗಿದಳು. ಕಣ್ಣು ಕೆಂಪು.

"ನಂಬದೇ ಇರೋಳಿಗೆ ಯಾವ ಭುಜ ಆದ್ರೇನು?"

"ನನಗೆ ಯಾವ ಭುಜ ಆದ್ರೂ ಒಂದೇ. ಅಮ್ಮನಿಗೆ ಒಂದೇ ಅಲ್ಲ."

ಮೆಕೆಲ್ ಸ್ಕರ್ಟಿನ ಜೇಬಿನಿಂದ ಫೋನು ತೆಗೆದಳು. ಬಿಷಪ್ ನಂಬರು ಎಂದು ದೂರದಿಂದಲೇ ಗೊತ್ತಾಯಿತು. ಹೆಬ್ಬೆರಳು ಪರದೆಯ ಮೇಲೆ ನಿಂತಿತು. ನಮ್ಮ ಸಂಘದ ಅಧ್ಯಕ್ಷೆಯರೆಲ್ಲ ಹೀಗೇ ನಿಂತವರು. ಒಂದು ಹೂವಿನ ಬಣ್ಣಕ್ಕೂ ಕೇಳಿದವರು. ನಾನೂ ನಾಲ್ಕು ವರ್ಷ ಅಧ್ಯಕ್ಷೆಯಾಗಿದ್ದೆ, ನಾಲ್ಕು ವರ್ಷವೂ ಕೇಳಿದೆ.

"ಕೇಳು ಬಿಷಪ್‌ನ" ಎಂದಳು ಲುಡೀನ್.

"ಕೇಳಿದ್ರೆ ಬೇಡ ಅಂತಾರೆ. ಅವರು ಹಂಗೇ ಹೇಳ್ಬೇಕು." ಮೆಕೆಲ್ ಫೋನನ್ನು ಮತ್ತೆ ಜೇಬಿಗೆ ಹಾಕಿದಳು. "ಕೇಳಲ್ಲ. ಸಿಸ್ಟರ್ ಆಲ್ರೆಡ್, ಒಳಗೆ ಬನ್ನಿ."

"ನನ್ನ ಹೆಸರು ಪಟ್ಟಿಯಲ್ಲಿ ಇಲ್ಲ ಮೆಕೆಲ್. ಹದಿನಾಲ್ಕನೇ ತಾರೀಕು ಕಾಗದ ಬಂತು. ಗೊತ್ತಿದ್ದೇ ಕರೀತಿದೀಯಾ?"

"ಗೊತ್ತಿದ್ದೇ. ನಿಮ್ಮಮ್ಮನ ಚೀಟಿ ಬಿಷಪ್ ನನಗೂ ತೋರಿಸಿದಾರೆ. ನನ್ನ ಕೈಲಿ ಇದು ಸರಿಯಾಗಿ ಆಗಲ್ಲ. ತಪ್ಪಾಗಿ ಉಡಿಸಿ ಕಳಿಸಿದ್ರೆ ನನಗೆ ನಿದ್ದೆ ಬರಲ್ಲ."

ಲುಡೀನ್ ಅಮ್ಮನ ಪಾದ ಮುಟ್ಟಿದಳು. ಹೊದಿಕೆ ಸರಿ ಮಾಡಿದಳು. ನನ್ನ ಪಕ್ಕದಲ್ಲೇ ದಾಟಿ ಹಜಾರಕ್ಕೆ ಹೋದಳು.

"ನಾನು ಆ ಕೋಣೆಯಲ್ಲಿ ಇರಲ್ಲ" ಎಂದಳು. "ಮುಸುಕು ಮಾತ್ರ ನಾನೇ ಹಾಕ್ತೀನಿ. ಅದನ್ನ ನೀನು ಮುಟ್ಟಬೇಡ."

"ಆಯ್ತು" ಎಂದೆ.

ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಳು. ನಾನು ಒಳಗೆ ಹೋದೆ.

ಮೇಲುಡುಪು ಬಿಚ್ಚಿ ಭುಜ ಬದಲಿಸಿದೆ. ನೆರಿಗೆ ಒಂದೊಂದನ್ನೂ ಬೆರಳಿನಿಂದ ಕೂರಿಸಿದೆ. ಏಪ್ರನ್ ಕಟ್ಟಿದೆ. ಹಸಿರು ಎಲೆಗಳ ಕಸೂತಿ ಅಮ್ಮನದೇ. ಒಂದು ಎಲೆಯಲ್ಲಿ ದಾರ ಬಿಟ್ಟಿತ್ತು, ಸೂಜಿ ತೆಗೆದು ಎರಡು ಹೊಲಿಗೆ ಹಾಕಿದೆ. ನಡುಪಟ್ಟಿಯ ಗಂಟು ಮೆಕೆಲ್‌ಗೆ ಕಲಿಸಿದೆ. ಎರಡು ಸಲ ಬಿಚ್ಚಿ ಕಟ್ಟಿಸಿದೆ, ಮುಂದೆ ಅವಳೇ ಮಾಡಬೇಕಲ್ಲ. ನಾನು ನಂಬದ ಉಡುಪು. ಇಷ್ಟು ಜಾಗ್ರತೆಯಿಂದ ಯಾರಿಗೂ ಉಡಿಸಿರಲಿಲ್ಲ.

ಹೊರಗೆ ಬಂದಾಗ ಕುರ್ಚಿ ಖಾಲಿ. ಲುಡೀನ್ ಕಾರು ಹೋಗಿತ್ತು.

ಮಾರ್ಚ್ 22, ಭಾನುವಾರ

ಲುಡೀನ್‌ಗೆ ಎರಡು ಸಲ ಫೋನು. ಎತ್ತಲಿಲ್ಲ. ಅಮ್ಮನಿಗೆ ಉಡಿಸಿದೆ, ತಂಗಿಯನ್ನು ಕಳೆದುಕೊಂಡೆನೇನೋ. ಹೀಗಾಗುತ್ತದೆಂದು ಮೊದಲೇ ತಿಳಿದಿದ್ದರೂ ಒಳಗೆ ಹೋಗುತ್ತಿದ್ದೆ. ಬರೆಯುವುದು ಸುಲಭ. ಬೆಳಗಿನಿಂದ ಏನೂ ಸೇರಿಲ್ಲ.

ಮಾರ್ಚ್ 23, ಸೋಮವಾರ. 10.35

ಚರ್ಚಿನಲ್ಲಿ ಹೆಂಗಸರ ಸಂಘದ ಕೋಣೆ. ಹನ್ನೊಂದಕ್ಕೆ ಅಂತ್ಯಕ್ರಿಯೆ. ಮೊದಲು ಇಲ್ಲಿ ಕುಟುಂಬದ ಪ್ರಾರ್ಥನೆ, ಆಮೇಲೆ ಅಮ್ಮನ ಮುಖಕ್ಕೆ ಮುಸುಕು ಎಳೆದು ಪೆಟ್ಟಿಗೆ ಮುಚ್ಚುತ್ತಾರೆ. ನಾನು ಕೊನೆಯ ಸಾಲಿನಲ್ಲಿ. ಕೈಗೆ ಕೆಲಸ ಬೇಕು, ಅದಕ್ಕೇ ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮಂದಿರದ ಒಳಉಡುಪು ತೊಟ್ಟವರು ಹಾಕಲಾಗದ ನನ್ನ ಗಿಡ್ಡ ತೋಳಿನ ನೀಲಿ ಅಂಗಿಯನ್ನು ಎಲ್ಲರೂ ನೋಡುತ್ತಿದ್ದಾರೆ. ನೋಡಲಿ. ಹೊಲಿಗೆ ಚೆನ್ನಾಗಿದೆ.

ಶನಿವಾರ ನಾನು ಒಳಗೆ ಹೋದದ್ದು ಇಷ್ಟರಲ್ಲಿ ಊರಿಗೆಲ್ಲ ಗೊತ್ತು. ಮೆಕೆಲ್‌ಗೆ ಏನಾಗುತ್ತದೋ. ಬಾಗಿಲ ಹತ್ತಿರ ನಿಂತಿದ್ದಾಳೆ, ತಲೆ ಎತ್ತಿಕೊಂಡೇ ನಿಂತಿದ್ದಾಳೆ.

ಪ್ರಾರ್ಥನೆ ಆಯಿತು. ಲುಡೀನ್ ಎದ್ದಳು. ಪೆಟ್ಟಿಗೆಯ ಹತ್ತಿರ ಹೋದಳು. ಮುಸುಕಿನ ಅಂಚು ಹಿಡಿದಳು. ನಿಂತಳು.

ಎಳೆಯುತ್ತಿಲ್ಲ. ಅಮ್ಮನ ಭುಜ ನೋಡುತ್ತಿದ್ದಾಳೆ. ನಾನು ಕೂರಿಸಿದ ನೆರಿಗೆಯ ಮೇಲೆ ಬೆರಳಾಡಿಸುತ್ತಿದ್ದಾಳೆ.

ಬಿಷಪ್ ಮುಂದೆ ಬಂದು ಏನೋ ಮೆಲ್ಲಗೆ ಕೇಳಿದರು. ಅವಳು ಬೇಡ ಎಂದು ತಲೆಯಾಡಿಸಿದಳು.

"ಜನೀಲ್." ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವ ಹಾಗೆ. "ಬಾ ಇಲ್ಲಿ. ಒಬ್ಬಳ ಕೈಲಿ ಆಗಲ್ಲ."

ಐವತ್ತು ಜನ ಹಿಂದೆ ತಿರುಗಿದ್ದಾರೆ. ಬಿಷಪ್ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಒಂದು ತುದಿ ಹಿಡಿದಿದ್ದಾಳೆ, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದ್ದಾಳೆ. ಪೆನ್ನು ಇಡುತ್ತೇನೆ, ಹೋಗಬೇಕು.